ಹೆಸರಿಲ್ಲದ ಅತಿಥಿಯೂ ನನ್ನ ಬಿನ್ನವತ್ತಳೆಯೂ

ಊರಿಗೆಲ್ಲ ಬಿನ್ನವತ್ತಳೆ ಬರೆದುಕೊಡುವವನಿಗೆ ಒಂದಲ್ಲ ಒಂದು ದಿನ ತನ್ನದನ್ನು ಬರೆಯುವವರು ಯಾರು ಎಂಬ ಚಿಂತೆ ಹತ್ತಿಕೊಳ್ಳುತ್ತದೆ. ಪಂಪ್‌ಸೆಟ್ ಮಾರುವ ನಮ್ಮ ಸಣ್ಣ ಕಂಪನಿಗೆ ತುಮಕೂರಿನಲ್ಲಿ ಮುಖ್ಯ ಕಚೇರಿ, ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಒಂದೊಂದು ಶಾಖೆ. ಮೂರರಲ್ಲಿ ಯಾರೇ ನಿವೃತ್ತರಾಗಲಿ, ಶಾಲು ತರುವವರು ಬೇರೆ, ಹಣ್ಣಿನ ಬುಟ್ಟಿ ತರುವವರು ಬೇರೆ, ಬಿನ್ನವತ್ತಳೆ ಮಾತ್ರ ಗಂಗಾಧರಯ್ಯ ಸರ್, ಅಂದರೆ ನಾನು. ಈ ವಿಷಯದಲ್ಲಿ ನನಗೆ ಒಂದಿಷ್ಟು ಜಂಬವೂ ಇದೆ. ಬಿನ್ನವತ್ತಳೆಯಲ್ಲಿ ಪೂರ್ತಿ ನಿಜ ಬರೆಯಬಾರದು, ಪೂರ್ತಿ ಸುಳ್ಳೂ ಬರೆಯಬಾರದು. ಕೇಳುವವರಿಗೆ ಇದು ಯಾರ ಬಗ್ಗೆ ಎಂದು ಅನುಮಾನ ಬರಬೇಕು, ಸನ್ಮಾನಿತರಿಗೆ ಮಾತ್ರ ತನ್ನ ಬಗ್ಗೆಯೇ ಎಂದು ಖಾತ್ರಿಯಾಗಬೇಕು. ಇದಕ್ಕೆ ಕೈ ಪಳಗಿರಬೇಕು.

ಈ ವರ್ಷ ನಿವೃತ್ತನಾಗುವ ಸರದಿ ನನ್ನದೇ. ನಮ್ಮ ಹೊಸ ಮ್ಯಾನೇಜರ್ ಶ್ವೇತಾ ಎಲ್ಲ ಕೆಲಸವನ್ನೂ ಆನ್‌ಲೈನಿಗೆ ಏರಿಸಿದವರು. ಮೂರು ಕಚೇರಿಗೂ ಸೇರಿ ಮೊಬೈಲಿನಲ್ಲಿ ಒಂದು ಗ್ರೂಪು. ಏನೇ ಬರೆಯುವುದಿದ್ದರೂ ಎಲ್ಲರೂ ಒಟ್ಟಿಗೆ ತೆರೆದು ತಿದ್ದಬಹುದಾದ ಹಾಳೆ. ಅಲ್ಲಿ ಒಬ್ಬರು ಬರೆದ ಪದವನ್ನು ಇನ್ನೊಬ್ಬರು ಅಳಿಸುವುದು ಕಣ್ಣೆದುರೇ ಕಾಣುತ್ತದೆ; ಅಳಿಸಲು ಸಂಕೋಚವಾದರೆ ಅಂಚಿನಲ್ಲಿ ಟಿಪ್ಪಣಿ ಹಾಕಬಹುದು. ಒಂದು ಸೋಮವಾರ ಗ್ರೂಪಿನಲ್ಲಿ ಲಿಂಕ್ ಬಂತು: 'ಗಂಗಾಧರಯ್ಯ ಸರ್ ಬಿನ್ನವತ್ತಳೆ. ಎಲ್ಲರೂ ಸೇರಿ ಬರೆಯೋಣ. ಸರ್‌ಗೆ ಗೊತ್ತಾಗೋದು ಬೇಡ, ಸರ್ಪ್ರೈಸ್.' ಅದೇ ಗ್ರೂಪಿನಲ್ಲಿ ನಾನೂ ಇದ್ದೇನೆ. ಬಾಯಲ್ಲಿ ಎಷ್ಟು ಬೇಕಾದರೂ ಮಾತಾಡುವ ನನಗೆ ಬೆರಳಲ್ಲಿ ಮಾತಾಡುವುದು ಬಾರದು. ಗ್ರೂಪಿಗೆ ಒಂದು ನಮಸ್ಕಾರವನ್ನೂ ಹಾಕಿದವನಲ್ಲ. ಹಾಗಾಗಿ ನಾನಿರುವುದು ಯಾರಿಗೂ ನೆನಪಿರಲಿಲ್ಲ.

ಮರ್ಯಾದಸ್ಥನಾದವನು ಆ ಲಿಂಕ್ ಮುಟ್ಟಬಾರದು. ಸಂಜೆ ಬಸ್ಸು ಹಿಡಿದು ನಮ್ಮೂರು ಕೋರಕ್ಕೆ ಹೋಗಿ, ಮನೆಯಲ್ಲಿ ಕಾಫಿ ಕುಡಿದು, ಆಮೇಲೆ ಮುಟ್ಟಿದೆ. ಮನೆಯ ಕಂಪ್ಯೂಟರಿನಲ್ಲಿ ಹೆಸರು ಕೊಡದೆ ತೆರೆದಿದ್ದರಿಂದ ಅದು ನನ್ನನ್ನು ಹೆಸರಿಲ್ಲದ ಅತಿಥಿ ಎಂದು ತೋರಿಸಿ ಸುಮ್ಮನಾಯಿತು. ಹಾಳೆ ಖಾಲಿ. ಮರುದಿನವೂ ಖಾಲಿ. ಯಾರ್ಯಾರೋ ಬಂದು ಇಣುಕಿ ಹೋಗುವುದು ಮೇಲಿನ ಮೂಲೆಯಲ್ಲಿ ಕಾಣುತ್ತಿತ್ತು, ಒಬ್ಬರೂ ಒಂದಕ್ಷರ ಬರೆಯಲಿಲ್ಲ. ನನಗೆ ನಿಜವಾಗಿಯೂ ಬೇಜಾರಾಯಿತು. ಇಷ್ಟು ವರ್ಷ ಜೊತೆಗಿದ್ದವರಿಗೆ ನನ್ನ ಬಗ್ಗೆ ಹೇಳಲು ಒಂದು ವಾಕ್ಯವೂ ಇಲ್ಲವೇ? ಹೆಂಡತಿ ಜಯಮ್ಮ ಹಿಂದಿನಿಂದ ಬಗ್ಗಿ ನೋಡಿ, "ನೀವೇ ಬರ್ಕೊಂಡ್ಬಿಡಿ. ಎಲ್ಲಾರ್ದೂ ನೀವೇ ತಾನೇ ಬರ್ದಿದ್ದು?" ಎಂದಳು. ಆ ಯೋಚನೆ ನನಗೆ ಆಗಲೇ ಬಂದಿತ್ತು ಎಂದು ಅವಳಿಗೆ ಹೇಳಲಿಲ್ಲ.

ಬುಧವಾರ ಸಂಜೆ ನಾನು ನೋಡುತ್ತಿದ್ದಂತೆಯೇ ಶ್ವೇತಾ ಗುಣಗಳನ್ನು ಇಳಿಸಿದರು. ಸಮಯಪಾಲಕರು, ಶಾಂತಸ್ವಭಾವದವರು, ಮಿತಭಾಷಿಗಳು. ಎಲ್ಲ ನನ್ನದೇ ಸರಕು, ನಾನು ಊರಿಗೆಲ್ಲ ಹಂಚಿದ್ದು. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಗುಬ್ಬಿ ಶಾಖೆಯ ಸಿದ್ದೇಶ ಬರೆದ: 'ಸಮಯಪಾಲಕರು ತಗೀರಿ. ಸರ್ ಯಾವತ್ ಹತ್ ಗಂಟೆಗೆ ಬಂದವ್ರೆ? ಬಸ್ಸಲ್ಲಿ ಪಕ್ಕದವ್ರ ಕಥೆ ಮುಗೀದಿದ್ರೆ ಮುಂದಿನ ಸ್ಟಾಪಲ್ಲಿ ಇಳ್ದು ವಾಪಸ್ ನಡ್ಕೊಂಡ್ ಬತ್ತಾರೆ.' ಕುಣಿಗಲ್ ಶಾಖೆಯ ಶಬಾನಾ ಸೇರಿಸಿದಳು: 'ಶಾಂತ ಅಂತೆ. ನನ್ ಮೇಲೆ ರೇಗಾಡಿದ ಡೀಲರ್‌ಗೆ ಸರ್ ಫೋನಲ್ಲಿ ತಗೊಂಡ ಕ್ಲಾಸು ಕೆರೆ ಆಚೆಗೂ ಕೇಳ್ಸಿರತ್ತೆ. ಈಗ ಅವ್ನು ನಂಗೆ ಮೇಡಂ ಅಂತಾನೆ.' ನಾನು ನಗುತ್ತಾ ಓದಿದೆ. ಹೊಗಳಿಸಿಕೊಂಡದ್ದಕ್ಕಿಂತ ಸಿಕ್ಕಿಬಿದ್ದದ್ದೇ ಹೆಚ್ಚು ಖುಷಿ ಕೊಟ್ಟಿತು.

ಗುರುವಾರ ಸಂಜೆಯವರೆಗೆ ಕಾಯಲಾಗದೆ ಕಚೇರಿಯಲ್ಲೇ ತೆರೆದೆ. ಸಿದ್ದೇಶನ ಹೊಸ ಟಿಪ್ಪಣಿ ಇತ್ತು: 'ಮಿತಭಾಷಿ ಬೇಡವೇ ಬೇಡ. ನಮ್ಮಪ್ಪ ತೀರ್ಕೊಂಡಾಗ ಸರ್ ಮನೆಗೆ ಬಂದ್ರು. ಬಂದವ್ರೆಲ್ಲ ಸುಮ್ನೆ ಕೂತಿದ್ರು, ಇವ್ರೊಬ್ರು ಬಾಯಿ ಮುಚ್ಚಲಿಲ್ಲ. ಅವತ್ತು ನಮ್ಮವ್ವ ಎರಡು ತುತ್ತು ಅನ್ನ ತಿಂದಿದ್ದು ಇವ್ರ ಮಾತು ಕೇಳ್ತಾ ಕೇಳ್ತಾ.' ನನ್ನ ಕಣ್ಣು ತುಂಬಿ ಬಂತು. ಅಷ್ಟಾದರೂ ಸುಮ್ಮನಿರಬಹುದಿತ್ತು. ಆದರೆ ಯಾರದಾದರೂ ಅಮ್ಮನ ಸುದ್ದಿ ಬಂದಮೇಲೆ ಕ್ಷೇಮ ವಿಚಾರಿಸದೆ ಇರುವುದು ನನ್ನಿಂದಾಗದ ಕೆಲಸ. ಕೆಳಗೆ ಬರೆದುಬಿಟ್ಟೆ: 'ಅವ್ವ ಈಗ ಹೇಗಿದ್ದಾರಪ್ಪಾ?' ಕಚೇರಿಯ ಕಂಪ್ಯೂಟರ್ ಸದಾ ನನ್ನ ಹೆಸರಿನಲ್ಲೇ ತೆರೆದಿರುತ್ತದೆ. ಗಂಗಾಧರಯ್ಯ ಎಂದು ದಪ್ಪಕ್ಷರದಲ್ಲಿ ಬಂತು.

ಆಮೇಲೆ ನಡೆದದ್ದನ್ನು ನೋಡಬಾರದಿತ್ತು. ಟಿಪ್ಪಣಿಗಳು ಒಂದೊಂದಾಗಿ ಮಾಯವಾದವು. ಬಸ್ಸು ಹೋಯಿತು, ಡೀಲರ್ ಹೋದ, ಸಿದ್ದೇಶನ ಅವ್ವನೂ ಹೋದರು. ಅಂಚೆಲ್ಲ ಬಿಳಿ. ಗುಣಗಳು ಮಾತ್ರ ಗಟ್ಟಿಯಾಗಿ ಉಳಿದವು. ಸಾಲದ್ದಕ್ಕೆ ಯಾರೋ 'ಅಜಾತಶತ್ರು' ಎಂದೂ ಸೇರಿಸಿದರು. ಮರುದಿನ ಕಚೇರಿಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ, ಎರಡು ಶಾಖೆಗಳಿಂದ ಒಂದು ಫೋನೂ ಬರಲಿಲ್ಲ.

ಶನಿವಾರ ಸಮಾರಂಭ. ಶ್ವೇತಾ ಬಿನ್ನವತ್ತಳೆ ಓದಿದರು, ಸಿದ್ದೇಶ ಶಾಲು ಹೊದಿಸಿದ. ನಾನು ಮೆಲ್ಲಗೆ, "ಆ ಮಾತು ಯಾಕಪ್ಪಾ ಅಳಿಸ್ದೆ?" ಎಂದೆ. "ತಪ್ಪಾಯ್ತು ಸರ್. ನೀವು ಮಿತಭಾಷಿನೇ," ಎಂದು ಶಾಲು ಸರಿಮಾಡಿ ಇಳಿದುಹೋದ. ಮೈಕು ಕೈಗೆ ಬಂತು. ಹೇಳುವುದು ಬೆಟ್ಟದಷ್ಟಿತ್ತು, ಎದುರಿಗೆ ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. "ಎಲ್ಲರಿಗೂ ನಮಸ್ಕಾರ, ಚೆನ್ನಾಗಿರಿ," ಎಂದಷ್ಟೇ ಹೇಳಿ ಕೂತುಬಿಟ್ಟೆ.

ಸಭೆ ಮುಗಿದು ಊಟಕ್ಕೆ ಎದ್ದರೆ ಊಟವೇ ಇಲ್ಲ. ಅಕ್ಕಿ ಆಗತಾನೇ ಒಲೆ ಏರಿತ್ತು. ಶ್ವೇತಾ ರೇಗಿದ್ದಕ್ಕೆ ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದು, "ನಮ್ದೇನ್ ತಪ್ಪು ಮೇಡಂ? ಸಾಹೇಬ್ರು ಮೈಕ್ ಹಿಡುದ್ರೆ ಗಂಟೆಗಟ್ಲೆ ಬುಡಲ್ಲ, ಅವ್ರು ಶುರು ಮಾಡುದ್ಮೇಲೆ ಅಕ್ಕಿ ಹಾಕಿ ಅಂತ ನಿಮ್ಮೋರೇ ಹೇಳಿದ್ದು," ಎಂದರು.

"ಯಾರ್ ಹೇಳಿದ್ದು?"

ಸಿದ್ದೇಶ ನಿಧಾನವಾಗಿ ಕೈ ಎತ್ತಿದ. "ನಾನೇ ಮೇಡಂ. ಸರ್ ಇಷ್ಟ್ ಬೇಗ ನಿಲ್ಲಿಸ್ತಾರೆ ಅಂತ ಯಾರ್ ಅಂದ್ಕೊಂಡಿದ್ರು?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅವನ ಪಕ್ಕ ಕುರ್ಚಿ ಎಳೆದುಕೊಂಡು, "ಈಗ ಹೇಳು, ಅವ್ವ ಹೆಂಗವ್ರೆ?" ಎಂದು ಶುರು ಮಾಡಿದೆ. ಶಬಾನಾಳೂ ಬಂದು ಕೂತಳು. ಸಾರನ್ನು ಎರಡು ಸಲ ಬಿಸಿ ಮಾಡಬೇಕಾಯಿತು ಎಂದು ಅಡುಗೆಯವರು ಆಮೇಲೆ ಜಯಮ್ಮನ ಹತ್ತಿರ ದೂರಿದರಂತೆ. ಅವಳು, "ಎರಡೇ ಸಲಾನಾ?" ಎಂದಳಂತೆ.