ಅಮೀರ್‌ಪೇಟ್ ಕುಸ್ತಿ ಮತ್ತು ಪೈಲ್ವಾನರ ಬೆನ್ನು

ನಮ್ಮ ಕಂಪನಿ ಕುಸ್ತಿ ಪೂರಾ ಸುಳ್ಳು. ಯಾರು ಗೆಲ್ಲೋದು, ಯಾರು ಬೀಳೋದು, ಎಷ್ಟನೇ ನಿಮಿಷಕ್ಕ ಬೀಳೋದು, ಎಲ್ಲಾ ಮೊದಲ ಬರದು ಇಟ್ಟಿರ್ತಿದ್ರು. ಆದ್ರ ಅದರ ಸುತ್ತ ನಡಿಯೋ ಫಜೀತಿ ಮಾತ್ರ ಯಾರೂ ಬರದಿಟ್ಟಿದ್ದಲ್ಲ, ಅವು ಪ್ರತಿ ಶನಿವಾರ ತಾವ ನಡೀತಿದ್ವು. ನಾ ಅಲ್ಲಿ ನಾಲ್ಕು ವರ್ಷ ರೆಫ್ರಿ ಆಗಿದ್ದೆ. ವಾರದ ದಿನ ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನಿಯೊಳಗ ಸ್ಟೋರ್ ಕ್ಲಾರ್ಕ್, ನಟ್ಟು ಬೋಲ್ಟು ಎಣಸೋ ಕೆಲಸ. ಒಂದು, ಎರಡು, ಮೂರು ಅಂತ ಎಣಸಿ ರೂಢಿ ಐತಿ ಅಂತನ ನನ್ನ ತೊಗೊಂಡಿದ್ರು.

೧. ಜಾವಾ ಕ್ಲಾಸು

ನಮ್ಮ ಮಾಲಕರು ರಾಯಚೂರಿನವರು. ಅಮೀರ್‌ಪೇಟ್‌ನಾಗ ಮೂರನೇ ಮಾಳಿಗಿ ಮ್ಯಾಲ ಕಂಪ್ಯೂಟರ್ ಇನ್‌ಸ್ಟಿಟ್ಯೂಟ್ ನಡಸ್ತಿದ್ರು. ಒಂದು ವರ್ಷ ಅಮೆರಿಕಾದ ಕೆಲಸ ಒಮ್ಮೆಲೆ ನಿಂತವು, ಇಲ್ಲಿ ಕಲಿಯೋರೂ ನಿಂತ್ರು. ಟಿವ್ಯಾಗ ಪರದೇಶದ ಕುಸ್ತಿ ನೋಡಿ ಮಂದಿ ಹುಚ್ಚಾಗಿದ್ದ ಕಾಲ ಅದು. ಮಾಲಕರು ಅರ್ಧ ಹಾಲ್‌ನ ಬೆಂಚು ಒಡಸಿ, ಅದ ಹಲಗಿಲೆ ರಿಂಗ್ ಕಟ್ಟಿಸಿದ್ರು. ಉಳಿದರ್ಧದಾಗ ಜಾವಾ ಕ್ಲಾಸು ಹಂಗ ಇತ್ತು.

ಧಂದೆ ಬದಲಿ ಮಾಡಿದ್ರೂ ಕಲಸೋ ಪದ್ಧತಿ ಬಿಡಲಿಲ್ಲ. ಕುಸ್ತಿಗೂ ಸಿಲೇಬಸ್. ಮೊದಲನೇ ವಾರ ಬೀಳೋದು, ಎರಡನೇ ವಾರ ನರಳೋದು, ಮೂರನೇ ವಾರ ಬಿದ್ದು, ನರಳಿ, ಏಳೋದು. ಕೊನಿಗೆ ಸರ್ಟಿಫಿಕೇಟ್. ಜಾವಾ ಕಲಸೋ ನೆಲ್ಲೂರಿನ ಮಾಸ್ತರರಿಗೇ ಕರಿ ಮುಖವಾಡ ಹಾಕಿ ‘ವೈರಸ್’ ಅಂತ ಹೆಸರಿಟ್ಟು ಖಳನಾಯಕ ಮಾಡಿದ್ರು. ಅವರು ಭಾಳ ಸಂಭಾವಿತ ಮನುಷ್ಯ. ಎದುರಿನವರ ಜುಟ್ಟು ಹಿಡಿಯೋ ಮುಂದ “ಎಕ್ಸ್‌ಕ್ಯೂಜ್ ಮಿ” ಅಂತಿದ್ರು.

ಒಂದಿನ ಒಬ್ಬ ಹಿರಿಯರು ಮಗಳನ್ನ ಜಾವಾಕ್ಕ ಹಚ್ಚಬೇಕಂತ ವಿಚಾರಿಸಲಿಕ್ಕೆ ಆಕಿನ್ನ ಕರಕೊಂಡು ಮೆಟ್ಟಲಾ ಹತ್ತಿ ಬಂದ್ರು. ಬಾಗಲಾ ದಾಟೋದಕ್ಕೂ, ವೈರಸ್ ಮಾಸ್ತರು ಹಗ್ಗದ ಮ್ಯಾಲಿಂದ ಹಾರಿ ಬಂದು ಅವರ ಕಾಲಾಗ ಬೀಳೋದಕ್ಕೂ ಒಂದ ಆತು. ಹಿರಿಯರು ಗೋಡಿಗೆ ಅಂಟಿ ನಿಂತು, “ಜಾವಾ ಕಲಸೋ ಸರ್ ಎಲ್ಲಿ ಸಿಗ್ತಾರ?” ಅಂತ ಕೇಳಿದ್ರು.

ಮಾಸ್ತರು ಬಿದ್ದಲ್ಲಿಂದನ ಮುಖವಾಡ ಎತ್ತಿ, “ನಾನ ಸರ್. ಸೋಮವಾರದಿಂದ ಹೊಸ ಬ್ಯಾಚ್, ಮುಂಜಾನೆ ಏಳಕ್ಕ” ಅಂದ್ರು.

ಹಿರಿಯರು ಮಗಳ ಕೈ ಗಟ್ಟಿ ಹಿಡಕೊಂಡು ನನ್ನ ಕಡೆ ಬಗ್ಗಿ ಕೇಳಿದ್ರು: “ಜಾವಾ ಇಷ್ಟು ಕಠಿಣ ಐತೇನ್ರಿ?”

೨. ಒಂದು ಬೆನ್ನು

ವೈರಸ್‌ಗೆ ತಕ್ಕ ಎದುರಾಳಿ ಬೇಕಲ್ಲ, ಮಾಲಕರು ಹುಡುಕ್ಯಾಡಿ ಒಬ್ಬರನ್ನ ತಂದ್ರು. ಬೀದರ್ ಕಡೆಯವರು. ಹೊಸ ಸಾಫ್ಟ್‌ವೇರ್ ಕಂಪನಿ ಬಿಲ್ಡಿಂಗಿಗೆ ಸೆಂಟ್ರಿಂಗ್ ಹೊಡಿಯೋ ಕೆಲಸ ಮಾಡಾಕತ್ತಿದ್ರು. ಇವರು ಮಾತ್ರ ಖರೇ ಪೈಲ್ವಾನ, ಗರಡಿ ಮಣ್ಣಿನಾಗ ಬೆಳದವರು. ಇವರ ಬೆನ್ನು ನೆಲಕ್ಕ ಹಚ್ಚಿದಾಂವ ಆ ಸೀಮ್ಯಾಗ ಒಬ್ಬನೂ ಇದ್ದಿಲ್ಲ.

ಮಾಲಕರು ಇವರಿಗೆ ‘ಆ್ಯಂಟಿವೈರಸ್’ ಅಂತ ಹೆಸರಿಟ್ರು. ಹಂಗಂದ್ರ ಏನ್ರಿ ಅಂತ ಪೈಲ್ವಾನರು ಕೇಳಿದ್ರು. ಕೀಡಿ ಸಾಯೋ ಔಷಧ ಅಂತ ಮಾಲಕರು ತಿಳಿಸಿ ಹೇಳಿದ್ರು. “ಹತ್ತಿಗ್ಯೋ, ತೊಗರಿಗ್ಯೋ?” ಅಂದ್ರು ಪೈಲ್ವಾನರು.

ಮೊದಲನೇ ಆಟ ಇಪ್ಪತ್ತು ನಿಮಿಷದ್ದು. ಒಂದ ನಿಮಿಷಕ್ಕ ವೈರಸ್ ಮಾಸ್ತರು ಸಿಲೇಬಸ್ ಪ್ರಕಾರ ಅಂಗಾತ ಬಿದ್ರು. ಅವರು ಏಳಬೇಕು, ಮತ್ತ ಬೀಳಬೇಕು, ಹಿಂಗ ಇನ್ನೂ ಭಾಳ ಇತ್ತು. ಪೈಲ್ವಾನರು ಮಾಸ್ತರರ ಕೈ ಹಿಡದು ಎಬ್ಬಿಸಿದ್ರು, ಬೆನ್ನಿನ ಧೂಳಾ ಝಾಡಿಸಿದ್ರು, ನಾಲ್ಕೂ ದಿಕ್ಕಿಗೆ ಕೈ ಮುಗದ್ರು, ರಿಂಗ್ ಇಳದು ಚಪ್ಪಲಿ ಮೆಟ್ಟಾಕತ್ತಿದ್ರು.

“ಎಲ್ಲಿಗೆ ಹೊಂಟ್ರಿ?” ಅಂದೆ.

“ಮನಿಗ್ರಿ. ಅವರ ಬೆನ್ನು ಹತ್ತಿತಲ್ರಿ, ಚಿತ್ ಆದ್ರು. ಮುಗೀತು.”

“ಅಯ್ಯ, ಹಂಗಲ್ರಿ ಪೈಲ್ವಾನ್ರ. ನಾ ಮೂರು ಎಣಸಬೇಕು.”

“ಇರೋದು ಒಂದ ಬೆನ್ನು, ಮೂರು ಯಾಕ ಎಣಸ್ತೀರಿ?” ಅಂದು ಅವರು ಹೋಗೇ ಬಿಟ್ರು. ಉಳಿದ ಹತ್ತೊಂಬತ್ತು ನಿಮಿಷ ವೈರಸ್ ಮಾಸ್ತರು ತಾವೊಬ್ಬರ ಬಿದ್ದು, ತಾವೊಬ್ಬರ ನರಳಿ, ತಾವೊಬ್ಬರ ಎದ್ರು.

ಮರುದಿನ ಕರಾರು ಆತು. ಪೈಲ್ವಾನರು ಏಟು ತಿಂತಾರ, ಮೊಣಕಾಲೂರತಾರ, ಬೇಕಂದ್ರ ಬೋರಲನೂ ಬೀಳ್ತಾರ. ಬೆನ್ನು ಮಾತ್ರ ಹಚ್ಚಂಗಿಲ್ಲ. “ಲಂಗೋಟ ಕಟ್ಟೋ ದಿನ ನಮ್ಮ ಉಸ್ತಾದ್ರು ಹೇಳ್ಯಾರ್ರಿ, ಬೆನ್ನಿಗೆ ನೆಲ ಹತ್ತಿದ ದಿನ ಲಂಗೋಟ ತಿರುಗಿ ತಂದು ಕೊಡು ಅಂತ” ಅಂದ್ರು. ಮಾಲಕರು ಅದನ್ನೂ ಸಿಲೇಬಸ್‌ನಾಗ ಬರಕೊಂಡ್ರು.

೩. ಜೀಡಿಮೆಟ್ಲಾದಾಗ ಕಿವಿಮಾತು

ಗರಡ್ಯಾಗ ಪಂಚ ಅಂತಾರಲ್ಲ, ಆ ರೆಫ್ರಿದು ಇನ್ನೊಂದು ಕೆಲಸ ಇರ್ತದ. ಆಟದ ನಡುವ ಜಗಳ ಬಿಡಸವರಂಗ ಹೋಗಿ, ಮುಂದ ಏನು ಮಾಡಬೇಕು ಅನ್ನೋದು ಕಿವ್ಯಾಗ ಹೇಳಬೇಕು. ಗರಡ್ಯಾಗ ತಿಕ್ಕಿ ತಿಕ್ಕಿ ಪೈಲ್ವಾನರ ಎರಡೂ ಕಿವಿ ಮುದ್ದಿ ಆಗಿದ್ವು, ಸಣ್ಣ ಧ್ವನಿ ಕೇಳ್ತಿದ್ದಿಲ್ಲ. ಅದಕ್ಕ ನಾ ಕನ್ನಡದಾಗ ಗಟ್ಟಿಯಾಗೇ ಒದರತಿದ್ದೆ. ತೆಲುಗು ಮಂದಿಗೆ ಏನು ತಿಳೀತದ, ಬೈಯಾಕತ್ಯಾನ ಅನಕೋತಿದ್ರು.

ಒಂದು ಸಲ ಜೀಡಿಮೆಟ್ಲಾದಾಗ ಕಾರ್ಖಾನಿ ಕೆಲಸಗಾರರ ಮುಂದ ಆಟ. ನಾ ರೂಢಿ ಪ್ರಕಾರ ಒದರಿದೆ: “ಪೈಲ್ವಾನ್ರ, ಇನ್ನೆರಡು ಏಟು ತಿಂದು ಬೋರಲ ಬೀಳ್ರಿ!”

ಹಿಂದಿನ ಸಾಲಿನಿಂದ ಉತ್ತರ ಬಂತು: “ಯಾಕ ಬೀಳಬೇಕ್ರಿ ಅವರು?”

ತಿರುಗಿ ನೋಡಿದ್ರ ಕುಂತವರು ಅರ್ಧಕ್ಕರ್ಧ ಕಲಬುರಗಿ, ಬೀದರ್ ಮಂದಿ. “ಬೀಳಬ್ಯಾಡ್ರಿ ಪೈಲ್ವಾನ್ರ, ನಾವು ಅದೀವಿ!” ಅಂತ ಎಲ್ಲಾರೂ ಎದ್ದು ನಿಂತ್ರು. ಪೈಲ್ವಾನರು ನನಗ, “ನಮ್ಮ ಮಂದಿ ಬ್ಯಾಡ ಅನ್ನಾಕತ್ಯಾರ್ರಿ” ಅಂದ್ರು. ಕನ್ನಡ ಬರದ ವೈರಸ್ ಮಾಸ್ತರು, “ಏನಂತಾರ, ಡೌಟ್ ಏನರ ಐತೇನು?” ಅಂತ ತೆಲುಗಿನಾಗ ಕೇಳಾಕತ್ತಿದ್ರು. ಅಷ್ಟರಾಗ ಹಿಂದಿನ ಸಾಲಿನಾಂವ ಮುಂದ ಬಂದ: “ಏ ರೆಫ್ರಿ, ಯಾವ ಊರಾಂವೋ ನೀ? ನಮ್ಮಾಂವ ಆಗಿ ನಮ್ಮಾಂವಗ ಬೀಳು ಅಂತೀಯಾ?”

ಅವತ್ತ ಎಲ್ಲಾರಕಿಂತ ಮೊದಲ ಟೆಂಪೋ ಹತ್ತಿದಾಂವ ನಾ.

೪. ಉಸ್ತಾದರು ಬಂದ ದಿನ

ಶಂಶಾಬಾದ್ ಕಡೆ ಒಂದು ತೋಟದಾಗ ಸಾಫ್ಟ್‌ವೇರ್ ಕಂಪನಿಯೊಂದರ ವಾರ್ಷಿಕೋತ್ಸವ. ಅವರ ಮ್ಯಾನೇಜರ್‌ಗೆ ಒಂದು ಹುಕಿ. ವೈರಸ್ ಎಲ್ಲಾರನ್ನೂ ಸೋಲಸಬೇಕು, ಕೊನಿಗೆ ತಾನ ರಿಂಗ್ ಹತ್ತಿ ವೈರಸ್‌ನ ಬೀಳಸಬೇಕು. ಅಂದ್ರ ಪೈಲ್ವಾನರು ಮೊದಲು ಸೋಲಬೇಕು. “ಇದೊಂದು ಸಲ ಬೆನ್ನು ಹಚ್ಚರಿ, ಇಲ್ಲಂದ್ರ ನಾಳಿಯಿಂದ ಬರಬ್ಯಾಡ್ರಿ” ಅಂದುಬಿಟ್ರು ಮಾಲಕರು.

ಅವತ್ತ ಮುಂಜಾನೆನ ಬೀದರ್ ಬಸ್ಸಿಗೆ ಉಸ್ತಾದರು ಬಂದಿಳಿದಿದ್ರು, ಶಿಷ್ಯನ ಕುಸ್ತಿ ನೋಡಲಿಕ್ಕಂತ. ಎಪ್ಪತ್ತು ದಾಟಿದ ಮುದುಕರು, ಬಿಳೇ ರುಮಾಲು, ಕೈಯಾಗ ಕೋಲು. ಮೊದಲನೇ ಸಾಲಿನಾಗ ಕುಂತ್ರು.

ಪೈಲ್ವಾನರು ಶಾಮಿಯಾನದ ಹಿಂದ ನನ್ನ ಕೈ ಹಿಡಕೊಂಡ್ರು. “ಅವರ ಕಣ್ಣಮುಂದ ಹ್ಯಾಂಗ ಬೀಳ್ಲಿ ಸಾಹೇಬ್ರ? ಲಂಗೋಟ ಹೋಗ್ತದ್ರಿ” ಅಂದ್ರು. ಅಷ್ಟು ದೊಡ್ಡ ಮನುಷ್ಯನ ಕಣ್ಣಾಗ ನೀರು. ನನಗ ಭಾಳ ಕೆಟ್ಟನಿಸ್ತು.

ನಾನ ಒಂದು ಹಾದಿ ಹುಡುಕಿದೆ. ರೂಢಿ ಪ್ರಕಾರ ನಾ ಬೆನ್ನು ತಿರುವಿ ಬೂಟಿನ ಲಾಡಿ ಕಟ್ಟೋದು. ಆವಾಗ ವೈರಸ್ ಖುರ್ಚಿಲೆ ಹಿಂದಿನಿಂದ ಹೊಡಿಯೋದು. ಪೈಲ್ವಾನರು ಬೋರಲ ಬೀಳೋದು. ನಾ ಹತ್ತು ಎಣಸೋದು. ಹತ್ತು ಎಣಸೋತನಕ ಏಳದಿದ್ರ ಸೋತಂಗ, ಬೆನ್ನೂ ಹತ್ತಂಗಿಲ್ಲ. ಮಾಲಕರೂ ಒಪ್ಪಿದ್ರು, ಮಾಸ್ತರೂ ಗೋಣು ಹಾಕಿದ್ರು.

ಎಲ್ಲಾ ಬರೋಬರಿ ನಡೀತು. ಖುರ್ಚಿ ಬಿತ್ತು, ಪೈಲ್ವಾನರು ಬೋರಲ ಬಿದ್ರು. ನಾ ಆರು ಎಣಸಿದ್ದೆ. ಆದ್ರ ಮಾಸ್ತರರಿಗೆ ಸಿಲೇಬಸ್ ಅರ್ಧಕ್ಕ ಬಿಟ್ಟು ರೂಢಿ ಇಲ್ಲ. ಬಿದ್ದವರನ್ನ ಹೊರಳಿಸಿ ಎದಿ ಮ್ಯಾಲ ಕೂಡಬೇಕಂತ ಅದರಾಗ ಬರದಿತ್ತು. “ಎಕ್ಸ್‌ಕ್ಯೂಜ್ ಮಿ” ಅಂದ್ರು, ಪೈಲ್ವಾನರನ್ನ ಅಂಗಾತ ಹೊರಳಿಸೇ ಬಿಟ್ರು.

ಬೆನ್ನು ಹತ್ತಿತು. ಪೈಲ್ವಾನರು ಕಣ್ಣು ಮುಚ್ಚಿಕೊಂಡ್ರು. ಮೊದಲನೇ ಸಾಲಿನಾಗ ಉಸ್ತಾದರು ಎದ್ದು ನಿಂತ್ರು. ಕೋಲು ಒಗದು, ರುಮಾಲು ಬಿಚ್ಚಿ ಖುರ್ಚಿ ಮ್ಯಾಲಿಟ್ಟು, ಹಗ್ಗದೊಳಗ ತೂರಿ ರಿಂಗಿಗೆ ಬಂದ್ರು. ವೈರಸ್ ಮಾಸ್ತರು “ಸಾರಿ ಸರ್” ಅಂತ ಆ ಕಡೆಯಿಂದ ಜಿಗದು ಓಡಿದ್ರು. ಉಸ್ತಾದರು ಅವರ ಕಡೆ ನೋಡಲೂ ಇಲ್ಲ. ಸೀದಾ ನನ್ನ ಹತ್ರ ಬಂದ್ರು.

“ಅಂವ ಹಿಂದಿನಿಂದ ಖುರ್ಚಿಲೆ ಹೊಡಿಯೋ ಮುಂದ ನೀ ಲಾಡಿ ಕಟ್ಟಾಕತ್ತಿದ್ದೇನೋ?”

ಹೆದರಿಕಿಗೆ ಖರೇನ ಬಾಯಿಗೆ ಬಂತು. “ಅದು ನನ್ನ ಡ್ಯೂಟಿರಿ.”

“ಪಂಚನ ಡ್ಯೂಟಿ!” ಅಂದ್ರು ಉಸ್ತಾದರು. ಅಷ್ಟ ಕೇಳಿದ್ದು ನೆನಪೈತಿ. ಧೋಬಿ ಪಛಾಡ ಅಂತ ಒಂದು ಪೇಚು ಇರ್ತದ, ಅರಿವಿ ಒಗಿಯೋವಂಗ ಹೆಗಲ ಮ್ಯಾಲಿಂದ ಎತ್ತಿ ಒಗಿಯೋದು. ನಾ ಅಂಗಾತ ಬಿದ್ದು ಶಾಮಿಯಾನದ ಜಾಲರಿ ನೋಡಾಕತ್ತಿದ್ದೆ. ಪೈಲ್ವಾನರು ಗಾಬರಿ ಆಗಿ ಎದ್ದು ನನ್ನ ಬಾಜು ಮೊಣಕಾಲೂರಿದ್ರು. ಇಷ್ಟು ದಿನ ನಾ ಎಣಸೋದು ನೋಡಿ ನೋಡಿ ಆದ ರೂಢಿ ನೋಡ್ರಿ, ಕೈಲೆ ಹಲಗಿ ಬಡದು, “ಒಂದು, ಎರಡು, ಮೂರು” ಅಂತ ಎಣಸೇ ಬಿಟ್ರು. ಕುಂತ ಮಂದಿ ಖುರ್ಚಿ ಮ್ಯಾಲ ಹತ್ತಿ ಸೀಟಿ ಹೊಡದ್ರು. ಕೋಟು ಕಳದು ತಯಾರಾಗಿ ನಿಂತಿದ್ದ ಮ್ಯಾನೇಜರ್ ಸುಮ್ಮನ ಮತ್ತ ಕೋಟು ಹಾಕ್ಕೊಂಡ್ರು.

ಆಮ್ಯಾಲ ಶಾಮಿಯಾನದ ಹಿಂದ ನನ್ನ ಸೊಂಟಕ್ಕ ಬರ್ಫ್ ಹಚ್ಚಿ ಮಲಗಿಸಿದ್ರು. ಪೈಲ್ವಾನರು ಮಡಚಿದ ಲಂಗೋಟ ಎರಡೂ ಕೈಯಾಗ ಹಿಡದು ಬಂದು ಉಸ್ತಾದರ ಕಾಲ ಮುಂದ ಕುಂತ್ರು. “ನನ್ನ ಬೆನ್ನು ಹತ್ತಿತ್ರಿ” ಅಂದು ಲಂಗೋಟ ಮುಂದ ಹಿಡದ್ರು.

ಉಸ್ತಾದರು ಲಂಗೋಟ ತಿರುಗಿ ಅವರ ಎದಿಗೆ ಒತ್ತಿದ್ರು. “ಹುಚ್ಚಪ್ಪ, ನನಗೇನು ಕಣ್ಣಿಲ್ಲೇನು? ಇಲ್ಲಿ ಎಲ್ಲಾರೂ ಸುಳ್ಳ ಸುಳ್ಳ ಬಿದ್ದೀರಿ. ಸುಳ್ಳ ಬಿದ್ದದ್ದಕ್ಕ ನಾ ಲಂಗೋಟ ತೊಗೊಳ್ಳಂಗಿಲ್ಲ. ಇವತ್ತ ಖರೇ ಚಿತ್ ಆದಾಂವ ಒಬ್ಬನ.”

ಹಂಗಂದು ನನ್ನ ಕಡೆ ತಿರುಗಿ ಕೈ ಚಾಚಿದ್ರು.

“ಏ ಪಂಚ, ನಿನ್ನ ಲಂಗೋಟ ತಾ ಇಲ್ಲೆ.”