ಮೂರು ಸಲ ಕೂಗುವ ಸೈರನ್ನಿಗೆ, ಎರಡು ಮಾತ್ರೆಯ ಮನೆಯಿಂದ

ಅದಿರು ಯಾರ್ಡಿನ ತಗಡಿನ ಮೇಲೆ ವಿರಾಜಮಾನರಾಗಿ, ಒಂದೇ ಕೂಗಿಗೆ ಸಂಡೂರು ರಸ್ತೆಯನ್ನೆಲ್ಲ ಎಬ್ಬಿಸುವ ಸೈರನ್ ಮಹಾಶಯರಿಗೆ, ಯಾರ್ಡಿನ ಬೇಲಿಯ ಈಚೆಗೆ ವಾಸವಿರುವ ಎರ್ರಿಯಪ್ಪನು ಮುಖದ ಕೆಂಧೂಳು ಒರೆಸಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ಬರೆಯುವುದು ನನಗೆ ಒಗ್ಗದ ಕೆಲಸ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅರವತ್ತೆಂಟು ವರ್ಷ ಎಲ್ಲವನ್ನೂ ಬಾಯಿಂದಲೇ ಬೈದು ಮುಗಿಸಿದ್ದೇನೆ. ಆದರೆ ಆಸ್ಪತ್ರೆಯಲ್ಲಿ ತಿಳಿವಳಿಕೆ ಹೇಳುವ ವಂದನಾ ಮೇಡಂ ಅವರಿಗೆ ತಮ್ಮ ಕೂಗಿನ ಕಥೆ ಹೇಳಿದರೆ, "ಬಾಯಿಮಾತು ಫೈಲಿನ್ಯಾಗ ಇಡಾಕ ಬರಂಗಿಲ್ಲ ಅಜ್ಜಾರ, ಬರದು ಕೊಡ್ರಿ" ಎಂದು ಹಾಳೆ ಕೈಗಿಟ್ಟರು. ಬರೆಯಬೇಕಾದದ್ದು ಔಷಧಿ ಕಮಿಟಿಗೆ. ಆ ಕಮಿಟಿಯನ್ನು ನಾನು ಕಂಡವನಲ್ಲ. ತಮ್ಮನ್ನಾದರೆ ದಿನಾ ಕೇಳುತ್ತೇನೆ. ಆದ್ದರಿಂದ ಮೊದಲು ತಮಗೆ.

ನನ್ನ ಮಗಳು ದೇವಿಕಾ ತಮ್ಮ ಯಾರ್ಡಿನಲ್ಲೇ ಕಲ್ಲು ಆರಿಸುವವಳು. ಅವಳಿಗೆ ಎಚ್‌ಐವಿ ಇದೆ. ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ, "ಹಾಕಪ್ಪಾ, ನಾ ಮಾತ್ರಿ ನುಂಗೀನಿ, ಕಳುವು ಮಾಡಿಲ್ಲ" ಎಂದಳು. 2006ರಿಂದ ದಿನಕ್ಕೆ ಎರಡು ಮಾತ್ರೆ, ನಡುವೆ ಹನ್ನೆರಡು ತಾಸು. ದಿನಾ ತಪ್ಪದ ಯಾವುದಾದರೂ ಒಂದಕ್ಕೆ ಮಾತ್ರೆಯನ್ನು ಜೋಡಿಸಿಕೊಳ್ಳಿರಿ ಎಂದಿದ್ದರು ಮೇಡಂ. ಒಬ್ಬರು ಗುಡಿಯ ಗಂಟೆಗೆ ಜೋಡಿಸಿದರು, ಇನ್ನೊಬ್ಬರು ಟೀವಿ ಧಾರಾವಾಹಿಗೆ. ನಮ್ಮ ಮನೆಯ ಗಡಿಯಾರವನ್ನು ತಮ್ಮ ಯಾರ್ಡಿನ ಧೂಳು ಎಂದೋ ನುಂಗಿತ್ತು. ಬಿಚ್ಚಿದಾಗ ಒಳಗೆ ಒಂದು ಚಮಚ ಅದಿರಿತ್ತು. ಹಾಗಾಗಿ ನಾವು ತಮ್ಮನ್ನೇ ನಂಬಿದೆವು. ಬೆಳಿಗ್ಗೆ ಆರಕ್ಕೆ ಒಂದು ಕೂಗು, ಸಂಜೆ ಆರಕ್ಕೆ ಒಂದು ಕೂಗು. ಆಹಾ, ಎಂಥ ಶಿಸ್ತು! ಎಂಥ ಡಾಕ್ಟರೂ ಅಷ್ಟು ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ. ಮಗಳ ಸಿಡಿ ಫೋರ್, ಅಂದರೆ ರೋಗದ ಜೊತೆ ಕಾದಾಡುವ ರಕ್ತಕಣಗಳ ಎಣಿಕೆ, ತೊಂಬತ್ತರಿಂದ ಮುನ್ನೂರ ಹತ್ತಕ್ಕೆ ಏರಿತು.

ಹೋದ ಯುಗಾದಿಗೆ ತಮ್ಮ ಕಂಪನಿಗೆ ಹಸಿವು ಹೆಚ್ಚಿ, ಗುಡ್ಡವನ್ನು ಹಗಲೂ ರಾತ್ರಿ ತಿನ್ನಲು ಮೂರು ಪಾಳಿ ಮಾಡಿದರು. ತಾವು ಆರಕ್ಕೆ, ಎರಡಕ್ಕೆ, ರಾತ್ರಿ ಹತ್ತಕ್ಕೆ ಎಂದು ಮೂರು ಸಲ ಕೂಗತೊಡಗಿದಿರಿ. ಸೈರನ್ ಆದರೆ ಮಾತ್ರೆ ಎಂಬುದು ನಮ್ಮ ಮನೆಯ ಕಾನೂನು. "ಅಪ್ಪಾ, ಮೂರಾಗ್ತಾವಲ್ಲ, ಮೇಡಂ ಎರಡಂದಿದ್ರು" ಎಂದಳು ದೇವಿಕಾ. "ಕಂಪನಿಯಾರು ತಿಳೀದ ಕೂಗಸ್ತಾರೇನು? ಸುಮ್ಕ ನುಂಗು!" ಎಂದು ಮನೆಯ ಹಿರಿಯರೊಬ್ಬರು ಗದರಿದರು. ಅವರ ಹೆಸರು ಸದ್ಯಕ್ಕೆ ಬೇಡ.

ತಿಂಗಳ ಮಾತ್ರೆ ಇಪ್ಪತ್ತು ದಿನಕ್ಕೆ ಮುಗಿಯಿತು. ತಾರೀಖಿಗೆ ಮುಂಚೆ ಬಂದವರಿಗೆ ಕೊಡುವುದಿಲ್ಲ ಎಂದು ಔಷಧಿ ಕಿಟಕಿಯ ಮೇಲೆ ಬರೆದಿದ್ದಾರೆ. ಅಷ್ಟು ಓದಲು ನನಗೂ ಬರುತ್ತದೆ. ಉಳಿದ ಹತ್ತು ದಿನ ಮಾತ್ರೆಗೆ ರಜೆ, ರೋಗಕ್ಕೆ ಹಬ್ಬ. ಹತ್ತು ತಿಂಗಳು ಹೀಗೇ ನಡೆಯಿತು. ತಾರೀಖಿನ ದಿನ ನರ್ಸಮ್ಮ ಡಬ್ಬಿ ಅಲ್ಲಾಡಿಸಿ, "ಒಂದೂ ಉಳಿಸಿಲ್ಲ ನೋಡ್ರಿ, ಶಹಬ್ಬಾಸ್ ದೇವಿಕಾ!" ಎಂದು ಬೆನ್ನು ತಟ್ಟುತ್ತಿದ್ದರು.

ಈಗ ಎಣಿಕೆ ನೂರಕ್ಕೆ ಇಳಿದಿದೆ. ಹಳೆಯ ಔಷಧಿ ಸೋತಿತು, ಎರಡನೆಯ ಬಗೆಯದು ಬೇಕು ಎಂದರು ಡಾಕ್ಟರು. ಅದನ್ನು ಕೊಡಿಸುವುದು ದೂರದ ಊರಿನ ಆ ಕಮಿಟಿ. ಅವರ ಫಾರಂನಲ್ಲಿ ಸೋಲಿಗೆ ನಾಲ್ಕೇ ಕಾರಣ: ಮರೆವು, ಕುಡಿತ, ಪ್ರಯಾಣ, ರೋಗಿಯ ನಿರ್ಲಕ್ಷ್ಯ. ಸೈರನ್ ಎಂಬ ಚೌಕವಿಲ್ಲವೆಂದು ಆಸ್ಪತ್ರೆಯವರು ಕೊನೆಯದಕ್ಕೆ ಗುರುತು ಹಾಕಿದ್ದಾರೆ. ನಿರ್ಲಕ್ಷ್ಯದವರಿಗೆ ದುಬಾರಿ ಔಷಧಿ ಯಾಕೆ ಎಂದು ಕಮಿಟಿ ಕೇಳುತ್ತದಂತೆ.

ಆದ್ದರಿಂದ ತಾವು ದಯಮಾಡಿ ತಗಡಿನಿಂದ ಇಳಿದು, ಬಸ್ಸು ಹತ್ತಿ, ಕಮಿಟಿಯ ಮುಂದೆ ನಿಂತು ಸಾಕ್ಷಿ ಹೇಳಬೇಕು. ಅದಿರು ಲಾರಿಗಳ ಸಾಲಿನಲ್ಲಿ ನಮ್ಮ ಬಸ್ಸು ಅರ್ಧ ದಿನ ನಿಲ್ಲುತ್ತದೆ, ನಿಜ; ತಾವು ಅವುಗಳ ಹತ್ತಿರದ ನೆಂಟರು, ದಾರಿ ಬಿಟ್ಟಾವು. ಅದಾಗದಿದ್ದರೆ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಮೊದಲಿನಂತೆ ಕೂಗಿ, ಎರಡಕ್ಕೂ ಹತ್ತಕ್ಕೂ ಬಾಯಿ ಮುಚ್ಚಿಕೊಂಡಿರುವ ಉಪಕಾರವಾಗಲಿ.

ತಮ್ಮ ಕೂಗನ್ನು ಡಾಕ್ಟರ ಮಾತಿಗಿಂತ ಹೆಚ್ಚು ನಂಬಿ ಕೆಟ್ಟ, ತಮ್ಮ ವಿಶ್ವಾಸಿ,
ಎರ್ರಿಯಪ್ಪ
8 ಫೆಬ್ರವರಿ 2010

ಮರೆತ ಮಾತು: ತಮಗೆ ಕೂಗಲು ಬರುತ್ತದೆ, ಒಪ್ಪಿಕೊಳ್ಳಲು ಬರುವುದಿಲ್ಲ. ನನಗೂ ಇಲ್ಲಿಯವರೆಗೆ ಬಂದಿರಲಿಲ್ಲ. ಇದರ ನಕಲು ಕಮಿಟಿಗೂ ಹೋಗುತ್ತಿದೆ, ಅವರು ಓದಲಿ. ಗದರಿ ಮೂರನೆಯ ಮಾತ್ರೆ ನುಂಗಿಸಿದ ಆ ಹಿರಿಯ ನಾನೇ. ತಿಂಗಳಿಗೆ ಹತ್ತು ದಿನ ಡಬ್ಬಿ ಖಾಲಿ ಇತ್ತೆಂಬುದನ್ನು ಆಸ್ಪತ್ರೆಯವರಿಗೆ ಹೇಳದೆ ಮುಚ್ಚಿಟ್ಟವನೂ ನಾನೇ. ನನ್ನ ಮಗಳು ಒಂದು ಕೂಗನ್ನೂ ತಪ್ಪಿಸಿದವಳಲ್ಲ. ನಿರ್ಲಕ್ಷ್ಯದ ಮುಂದೆ ನನ್ನ ಹೆಸರು ಬರೆದುಕೊಳ್ಳಿ, ಔಷಧಿ ಅವಳಿಗೆ ಕೊಡಿ. ಫೈಲು ಮಂಗಳವಾರ ಹೊರಡುತ್ತದೆ. ಉತ್ತರ ಫೆಬ್ರವರಿ 22, ಸೋಮವಾರದೊಳಗೆ ಬೇಕು.