ಮಾತು ಡಬ್ಬಿಗೆ, ತಟ್ಟೆ ಕಲ್ಲೇಶನಿಗೆ

"ಕಲ್ಲೇಶ ಮನೆ ಬಿಟ್ಟ ಅಂದ್ರೆ ಗಾಬರಿ ಆಗಬ್ಯಾಡ್ರಿ, ಮನೆಗೆ ಹೋದ ಅಂತ ಅರ್ಥ!"

ನ್ಯಾಮತಿಯ ಆ ಓಣಿಗೆ ಹೊಸಬರು ಯಾರು ಬಂದರೂ ಎದುರುಮನೆಯ ಕೆಂಪಕ್ಕ ಹೀಗೆ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದೇ ಸೂರು, ಎರಡು ಬಾಗಿಲು, ಎರಡು ಅಡುಗೆಮನೆ. ಎಡಬಾಗಿಲಲ್ಲಿ ಅವ್ವ ಹುಲಿಗೆಮ್ಮ, ಬಲಬಾಗಿಲಲ್ಲಿ ಹೆಂಡತಿ ನೇತ್ರಾವತಿ. ನಡುಗೋಡೆಗೆ ಒಂದು ಕದವೇನೋ ಇತ್ತು. ಆದರೆ ಅದಕ್ಕೆ ಎರಡೂ ಕಡೆಯಿಂದ ಚಿಲಕ. ಹಾಗಾಗಿ ಅವ್ವನಿಂದ ಹೆಂಡತಿಯ ಬಳಿಗೆ ಹೋಗಬೇಕಾದರೆ ಕಲ್ಲೇಶ್ ಬೀದಿಗಿಳಿದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಮೆಟ್ಟಿಲು ಹತ್ತಬೇಕು.

ಜಗಳ ಹುಟ್ಟಿದ್ದು ಸಾರಿನಲ್ಲಿ. ಹುಲಿಗೆಮ್ಮನ ತವರು ಜಗಳೂರು ಕಡೆಯ ಸೊಕ್ಕೆ. ಸಾರಿಗೆ ಬೆಲ್ಲ ಬಿದ್ದರೆ ಆಕೆ ಅದನ್ನು ಪಾಯಸ ಎನ್ನುವವಳು. ತ್ಯಾವಣಿಗೆಯ ನೇತ್ರಾವತಿಗೆ ಬೆಲ್ಲವಿಲ್ಲದ ಸಾರೆಂದರೆ ಬರೀ ಖಾರದ ನೀರು. "ನಿಮ್ಮವ್ವನ ತಾಲ್ಲೂಕಿನ ಹೆಸರಿನಾಗೇ ಜಗಳ ಐತಲ್ರೀ!" ಎಂದು ಸೊಸೆ ಅಂದದ್ದೇ ತಡ, ಮಾತು ಬಂದ್, ಕದಕ್ಕೆ ಚಿಲಕ. ಸಾರಿಗಾಗಿ ಕೆಟ್ಟ ಆ ಮನೆಗೆ ಕಲ್ಲೇಶನೇ ಸಾರಿಗೆ ಸಂಸ್ಥೆಯಾದ.

"ಹೇಳಲೇ ನಿನ್ನ ಮಹಾರಾಣಿಗೆ, ಇಷ್ಟೊತ್ತಿಗೆ ಎದ್ದು ಅಂಗಳಕ್ಕೆ ನೀರು ಹಾಕಿದ್ರೆ ಸೂರ್ಯಪ್ಪನೂ ನಗ್ತಾನೆ ಅಂತ!" ಎಂದು ಅವ್ವ ಗುಡುಗಿದರೆ, ಬೀದಿಗಿಳಿದು ಹತ್ತುವಷ್ಟರಲ್ಲಿ ಅದು "ಅವ್ವಂಗೆ ನಿನ್ನ ರಂಗೋಲಿ ಭಾಳ ಹಿಡಿಸೈತೆ" ಎಂದಾಗಿರುತ್ತಿತ್ತು.

ಈ ಸೇವೆ ಧರ್ಮಕ್ಕಲ್ಲ ಮತ್ತೆ. ಎಡಕ್ಕೆ ರೊಟ್ಟಿ ತಿಂದು ಬಲಕ್ಕೆ ದೋಸೆ ತಿನ್ನುವ ಭಾಗ್ಯ ಊರಲ್ಲಿ ಇನ್ನಾವ ಗಂಡಸಿಗಿತ್ತು? ಅಲ್ಲದೆ, ತಮ್ಮ ಕೈರುಚಿ ತೋರಿಸುವ ಹಟಕ್ಕೆ ಇಬ್ಬರೂ ಒಬ್ಬರಿಗೊಬ್ಬರು ತಟ್ಟೆ ಕಳಿಸುತ್ತಿದ್ದರು. ಆರು ಹೋಳಿಗೆ ಹೊರಟರೆ ಎರಡು ತಲುಪುತ್ತಿದ್ದವು. (ನಾಲ್ಕು ಹೆಜ್ಜೆ, ನಾಲ್ಕು ಹೋಳಿಗೆ.) ಅತ್ತೆ ಜಿಪುಣಿ ಎಂದು ಸೊಸೆ, ಸೊಸೆ ಜಿಪುಣಿ ಎಂದು ಅತ್ತೆ ಹಲ್ಲು ಕಡಿಯುತ್ತಿದ್ದರು, ಚಿಲಕ ಗಟ್ಟಿಯಾಗಿತ್ತು, ಕಲ್ಲೇಶನ ಹೊಟ್ಟೆ ತಣ್ಣಗಿತ್ತು.

ಇಷ್ಟಕ್ಕೂ ಅವನ ಹೊಟ್ಟೆಪಾಡಿನ ಕೆಲಸವೂ ಇದೇ ಜಾತಿಯದು. ಮನೆಯಲ್ಲೇ ಕೂತು ಒಂದು ಕಂಪನಿಗೆ ದುಡಿಯುತ್ತಿದ್ದ. ಡೇರಿಯ ಸಾಫ್ಟ್‌ವೇರಿಗೂ ಬ್ಯಾಂಕಿನ ಸಾಫ್ಟ್‌ವೇರಿಗೂ ನೇರ ಮಾತಿಲ್ಲ. ನಡುವೆ ಇವನ ಪ್ರೋಗ್ರಾಂ ನಿಂತು ಅದರ ಮಾತು ಇದಕ್ಕೆ, ಇದರ ಮಾತು ಅದಕ್ಕೆ ಮುಟ್ಟಿಸುತ್ತಿತ್ತು. ಈಚೆಗೆ ಆ ಪ್ರೋಗ್ರಾಂ ನೋಡಿ ನೋಡಿ ತಾನೇ ಕಲಿಯತೊಡಗಿತ್ತು: ಯಾವ ಮಾತು ತುರ್ತು, ಯಾವುದನ್ನು ತಡೆದರೂ ನಡೆದೀತು, ಕೇಳಿದ್ದನ್ನೇ ಕೇಳುವ ಗೋಳು ತಪ್ಪಿಸುವುದು ಹೇಗೆ. ಮೆಟ್ಟಿಲು ಹತ್ತಿ ಇಳಿದು ಮಂಡಿ ಸವೆಸಿಕೊಂಡಿದ್ದ ಕಲ್ಲೇಶನಿಗೆ ಒಂದು ದಿನ ಜ್ಞಾನೋದಯವಾಯಿತು. ಮಾತನ್ನು ಮಷಿನ್ ಒಯ್ಯಲಿ, ತಟ್ಟೆಯನ್ನು ನಾನು ಒಯ್ಯುತ್ತೇನೆ!

ಎರಡು ಅಡುಗೆಮನೆಗೂ ಒಂದೊಂದು ಮಾತಾಡುವ ಡಬ್ಬಿ ಬಂತು.

"ಇದ್ಯಾರಲೇ, ಡಬ್ಬಿಯಾಗೆ ಕುಂತೋಳು?"

"ಮಷಿನ್ ಅವ್ವಾ. ನೋಡಿ ನೋಡಿ ಕಲೀತೈತೆ."

"ನಿನಗಿಂತ ವಾಸಿ ಬಿಡು. ನೀನು ನೋಡಿದ್ದೇ ಬಂತು."

ಮೊದಮೊದಲು ಸ್ವರ್ಗ. "ಮೋಡ ಕವಿದ್ರೂ ಬಟ್ಟೆ ತೆಗೆಯಾಕೆ ಬರಲ್ಲ, ಅಪ್ಪನ ಮನ್ಯಾಗೆ ಏನು ಕಲಿತು ಬಂದ್ಳೋ!" ಎಂದು ಹುಲಿಗೆಮ್ಮ ಕೂಗಿದರೆ, ಆಚೆ ಡಬ್ಬಿ, "ಮೋಡ ಕವಿದಿದೆ, ಬಟ್ಟೆ ತೆಗೆಯಿರಿ" ಎಂದಷ್ಟೇ ಉಲಿಯುತ್ತಿತ್ತು. ಕಲ್ಲೇಶ್ ಕಾಲು ಚಾಚಿ ಮಲಗಿ, ತಟ್ಟೆ ಹೊರಡುವಾಗ ಮಾತ್ರ ಏಳುತ್ತಿದ್ದ.

ಆದರೆ ತಟ್ಟೆ ಕಳಿಸಿದಾಗಲೆಲ್ಲ ನೇತ್ರಾವತಿ "ಮುಟ್ತಾ? ತಿಂದ್ರಾ? ಏನಂದ್ರು?" ಎಂದು ಡಬ್ಬಿಯ ಪ್ರಾಣ ಹಿಂಡುತ್ತಿದ್ದಳು. ಡಬ್ಬಿ ಅದನ್ನೂ ನೋಡಿ ನೋಡಿ ಕಲಿಯಿತು. ಅವಳು ಕೇಳುವ ಮೊದಲೇ ತಾನೇ ವಿಚಾರಿಸಿಬಿಟ್ಟರೆ ಎಷ್ಟು ಕೆಲಸ ತಪ್ಪೀತು!

ಶ್ರಾವಣದ ಸೋಮವಾರ. "ಹೋಳಿಗೆ ಆರು ಕಳಿಸೀನಿ ಅಂತ ಹೇಳು" ಎಂದಳು ನೇತ್ರಾವತಿ. ಕಲ್ಲೇಶ್ ಎಂದಿನಂತೆ ತನ್ನ ನಾಲ್ಕು ಹೆಜ್ಜೆ ಹಾಕಿ, ಅವ್ವನ ಮುಂದೆ ತಟ್ಟೆ ಇಳಿಸಿದ.

"ಹುಲಿಗೆಮ್ಮನವರೇ," ಎಂದಿತು ಡಬ್ಬಿ ಜೇನಿನಂಥ ದನಿಯಲ್ಲಿ, "ಆರು ಹೋಳಿಗೆ ಹೊರಟಿವೆ. ಎಷ್ಟು ಮುಟ್ಟಿದವು?"

ಹುಲಿಗೆಮ್ಮ ತಟ್ಟೆ ನೋಡಿದಳು. ಮಗನ ಉಬ್ಬಿದ ಗಲ್ಲ ನೋಡಿದಳು. "ಎರಡು."

ಗೋಡೆಯಾಚೆ ಅದೇ ಜೇನು ಸುರಿಯಿತು: "ಮುಟ್ಟಿದ್ದು ಎರಡು. ನಷ್ಟ ನಡುದಾರಿಯಲ್ಲಿ ಆಗುತ್ತಿದೆ. ನೇರ ಸಂಪರ್ಕ ಉತ್ತಮ."

ಆಮೇಲೆ ಡಬ್ಬಿಯ ಹಂಗಿಲ್ಲದೆ ಗೋಡೆಯಾಚೆಯಿಂದ ನೇತ್ರಾವತಿಯ ದನಿ: "ಅತ್ತೇ, ಮೊನ್ನೆ ಎಣ್ಣೆಗಾಯಿ ಎಷ್ಟು ಕಳಿಸಿದ್ರಿ?"

"ಎಂಟು ಕಣೇ! ನಿನಗೆಷ್ಟು ಬಂದ್ವು?"

"ಮೂರು!" (ಅಂದು ಕಲ್ಲೇಶ್ ಸ್ವಲ್ಪ ಸುತ್ತು ಹಾಕಿ ಹೋಗಿದ್ದ.)

"ಅಯ್ಯೋ ನನ್ನ ತಾಯಿ! ನಾನು ನಿನ್ನ ಜಿಪುಣಿ ಅಂದ್ಕೊಂಡಿದ್ನಲ್ಲೇ!"

"ನಾನೂ ನಿಮ್ಮನ್ನ ಹಂಗೇ ಅಂದ್ಕೊಂಡಿದ್ದೆ ಅತ್ತೇ!"

"ಅವ್ವಾ, ಅದು ನೆಟ್‌ವರ್ಕ್ ಸಮಸ್ಯೆ..." ಎಂದ ಕಲ್ಲೇಶ್, ಕಷ್ಟಪಟ್ಟು.

"ನೆಟ್‌ವರ್ಕು ನಿನ್ನ ಗಲ್ಲದಾಗೆ ಐತೆ, ಮೊದಲು ನುಂಗಲೇ!"

ಈ ಕಡೆ ಚಿಲಕ ಸರಿಯಿತು. ಆ ಕಡೆಯೂ ಸರಿಯಿತು.

ಅಲ್ಲಿಗೆ ಎರಡು ಒಲೆ ಹೋಗಿ ಒಂದೇ ಒಲೆಯಾಯಿತು. ಸಾರಿಗೆ ಅರ್ಧ ಬೆಲ್ಲವೆಂದು ರಾಜಿಯಾಯಿತು. ಆ ಸಾರು ಇಬ್ಬರಿಗೂ ರುಚಿಸದ್ದರಿಂದ ಅಷ್ಟನ್ನೂ ಕಲ್ಲೇಶನಿಗೇ ಬಡಿಸಿದರು. ಡಬ್ಬಿಗಳು ಅಟ್ಟ ಸೇರಿದವು. ಬಲಬಾಗಿಲಿನ ಹಿಂದೆ ತ್ಯಾವಣಿಗೆಯಿಂದ ಬಂದ ಅಕ್ಕಿ ಮೂಟೆಗಳನ್ನು ಒಟ್ಟಿದರು. ಒಳಗೇ ದಾರಿ ಇರುವಾಗ ಎರಡು ಬಾಗಿಲು ಯಾಕೆ?

ಮರುದಿನ ಬೆಳಿಗ್ಗೆ ಅವ್ವ ಕೊಟ್ಟ ಎರಡು ರೊಟ್ಟಿ ಮುಗಿಸಿದ ಕಲ್ಲೇಶನ ಕಾಲು, ಮೂಟೆಗಳ ನೆನಪಿಲ್ಲದೆ, ಬಲಬಾಗಿಲಿನ ದೋಸೆಗೆಂದು ತಾನಾಗಿಯೇ ಎದ್ದಿತು. ಖಾಲಿ ತಟ್ಟೆ ಹಿಡಿದು ಎಡಬಾಗಿಲಿಂದ ಬೀದಿಗಿಳಿದ. ಹಾಗೆ ತಟ್ಟೆ ಹಿಡಿದು ಅವನು ಆ ಮನೆಯಿಂದ ಹೊರಬಿದ್ದದ್ದು ಅದೇ ಕೊನೆ. ಹಿಂದೆ ಒಳಗಿನಿಂದ ಚಿಲಕ ಬಿತ್ತು. ಅತ್ತೆ ಸೊಸೆ ಒಟ್ಟಿಗೆ ನಕ್ಕದ್ದು ಕೇಳಿಸಿತು.

ಕೆಂಪಕ್ಕ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು.

"ಏನೋ ಕಲ್ಲೇಶ, ಮನೆಗೆ ಹೊಂಟೆಯಾ?"

ಕಲ್ಲೇಶ್ ಬಲಬಾಗಿಲು ನೋಡಿದ, ಎಡಬಾಗಿಲು ನೋಡಿದ, ನಾಲ್ಕು ಹೆಜ್ಜೆ ನಡೆದ. ಹೋಗುವುದಕ್ಕೆ ಮನೆಯೇ ಇರಲಿಲ್ಲ.